ಅಣ್ಣನ ಬೈಗುಳ

ನನ್ನ ಬಲಗೈ ನೋಡಿದವರೆಲ್ಲ ಮೊದಲು ‘ಅಯ್ಯೋ ಪಾಪ’ ಅನ್ನುತ್ತಾರೆ. ಅನ್ನಲಿ, ಅನ್ನುವುದಕ್ಕೇನು ಕಂದಾಯ ಕಟ್ಟಬೇಕೇ! ಹೆಬ್ಬೆರಳು, ಕಿರುಬೆರಳು ಉಳಿದಿವೆ. ನಡುವಿನ ಮೂರು ಎಂಬತ್ಮೂರನೇ ಇಸವಿಯ ಆಯುಧಪೂಜೆಯ ದಿನ ಹೋದವು. ಆಮೇಲೆ ನಾನು ದೇವರ ಮುಂದೆ ಕೂತು ಬೆರಳನ್ನೇನೂ ಕೇಳಲಿಲ್ಲ. ಹೋದ ಬೆರಳು ಚಿಗುರುತ್ತದೆಯೇ? ನಾನು ಕೇಳಿಕೊಂಡದ್ದು ಇಷ್ಟೇ: ನಮ್ಮಣ್ಣ ನನ್ನನ್ನು ಮೊದಲಿನ ಹಾಗೆ ಒಂದೇ ಒಂದು ಸಲ ಬಾಯಿಗೆ ಬಂದಂತೆ ಬೈಯಲಿ. ಇದನ್ನು ಹೇಳಿದರೆ ಜನ ನಗುತ್ತಾರೆ. ನೀವು ನಗಬೇಡಿ, ಪೂರ್ತಿ ಕೇಳಿ.

ನಮ್ಮಣ್ಣ ಬದರಿನಾಥ ನನಗಿಂತ ತುಂಬಾ ದೊಡ್ಡವನು. ಅಪ್ಪ ಅಮ್ಮ ಬೇಗ ಹೋದರು. ಸಾಕಿದವನೂ ಅವನೇ, ಓದಿಸಿದವನೂ ಅವನೇ. ಬೀದಿಯವರೆಲ್ಲ ಹೆಣ್ಣುಮಕ್ಕಳನ್ನು ಟೈಪಿಂಗ್ ಕ್ಲಾಸಿಗೆ ಅಟ್ಟುತ್ತಿದ್ದಾಗ ಅವನು ನನ್ನನ್ನು ಡ್ರಾಫ್ಟ್ಸ್‌ಮನ್ ಕೋರ್ಸಿಗೆ ಸೇರಿಸಿದ. ಜಯನಗರ ಏಳನೇ ಬ್ಲಾಕಿನ ನಮ್ಮ ಬಾಡಿಗೆ ಮನೆಯ ಪಕ್ಕದ ನಾರಾಯಣಮ್ಮನವರು, “ಯಂತ್ರದ ಚಿತ್ರ ಬರೆದು ಯಾರನ್ನ ಮೆಚ್ಚಿಸಬೇಕಪ್ಪಾ ಈ ಹುಡುಗಿ?” ಎಂದು ಕೇಳಿದ್ದರು. “ನನ್ನನ್ನ” ಎಂದಿದ್ದ ಅಣ್ಣ. ಮೆಚ್ಚಿದನೇ? ರಾಮ ರಾಮ! ಅವನ ಬಾಯಲ್ಲಿ ‘ಚೆನ್ನಾಗಿದೆ’ ಎಂಬ ಮಾತು ಅತ್ತಿಗೆಯ ಹುಳಿಗೂ ಬಂದದ್ದಿಲ್ಲ.

ದೊಡ್ಡ ಕಾರ್ಖಾನೆಯೊಂದರ ಡಿಸೈನ್ ಕೆಲಸ ಬಿಟ್ಟು ಅವನು ಜೆ.ಪಿ. ನಗರದಲ್ಲಿ ಸ್ವಂತ ಶೆಡ್ ಹಾಕಿದ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಶೆಡ್ಡಿನಲ್ಲಿ ಒಂದು ಲೇತು, ಒಂದು ಮಿಲ್ಲಿಂಗ್ ಮಷೀನು. ಅವನ್ನು ನೋಡಿಕೊಳ್ಳಲು ಪುಟ್ಟೇನಹಳ್ಳಿಯ ಬೈರಣ್ಣ. ಮೂಲೆಯಲ್ಲಿ ಎರಡು ಡ್ರಾಯಿಂಗ್ ಬೋರ್ಡು, ಒಂದು ಅಣ್ಣನದು, ಒಂದು ನನ್ನದು. ಅವನು ಲೆಕ್ಕ ಹಾಕಿ ಪೆನ್ಸಿಲಿನಲ್ಲಿ ಗೀಚಿದ್ದನ್ನು ನಾನು ಟ್ರೇಸಿಂಗ್ ಪೇಪರಿನ ಮೇಲೆ ಶಾಯಿಯಲ್ಲಿ ತಿದ್ದಿ ಬರೆಯಬೇಕು. ಅವನು ಅದನ್ನು ಪರೀಕ್ಷಿಸಿ ಮೂಲೆಯಲ್ಲಿ ಸಹಿ ಹಾಕಬೇಕು. ಸಹಿ ಇಲ್ಲದ ಡ್ರಾಯಿಂಗಿಗೆ ಬೈರಣ್ಣ ಕಬ್ಬಿಣ ಕತ್ತರಿಸುವ ಹಾಗಿಲ್ಲ. ಬರೆದವರೇ ಪರೀಕ್ಷಿಸುವಂತೆಯೂ ಇಲ್ಲ. ಇದು ಅಣ್ಣ ಮಾಡಿದ್ದ ಕಾನೂನು.

ಆ ಪರೀಕ್ಷೆಯ ಹೊತ್ತಿಗೆ ಶುರುವಾಗುತ್ತಿತ್ತು ನೋಡಿ ಸಹಸ್ರನಾಮ. “ಏನೇ ಇದು, ಬಾಣದ ತುದಿನೋ ಬಾಳೆಕಾಯೋ? ಈ ತೂತಿನ ಅಳತೆ ಎಲ್ಲಿ? ಬೈರಣ್ಣಂಗೆ ಕನಸು ಬೀಳತ್ತಾ? ಗೆರೆ ಎಳಿ ಅಂದ್ರೆ ಎತ್ತು ಉಚ್ಚೆ ಹೊಯ್ದ ಹಾಗೆ ಎಳೆದಿದೀಯಲ್ಲೇ ಕತ್ತೆ! ಇನ್ನೊಂದ್ಸಲ ಹೀಗೆ ಮಾಡು, ಕೈ ಮುರಿದು ಹಾಕ್ತೀನಿ.” ನಾನೂ ಸುಮ್ಮನಿರುವವಳಲ್ಲ. “ಮುರಿ, ಆಮೇಲೆ ನೀನೇ ಬರಕೋ” ಅನ್ನುತ್ತಿದ್ದೆ. ಆ ಕಡೆಯಿಂದ ಬೈರಣ್ಣ ನಗುತ್ತಿದ್ದ. ಬೈಗುಳ ಮುಗಿದ ಮೇಲೆ ಅಣ್ಣ ನನ್ನ ಬೋರ್ಡಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಅದು ಯಾಕೆ ತಪ್ಪು, ಹಾಗೇ ಬಿಟ್ಟರೆ ಯಂತ್ರ ಎಲ್ಲಿ ಮುರಿಯುತ್ತದೆ ಎಂದು ಸಮಾಧಾನವಾಗಿ ಹೇಳಿಕೊಡುತ್ತಿದ್ದ. ನಾನು ಕಲಿತ ವಿದ್ಯೆಯೆಲ್ಲ ಆ ಸ್ಟೂಲಿನ ಹೊತ್ತಿನಲ್ಲಿ ಕಲಿತದ್ದು.

ಆ ವರ್ಷ ನಮಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಎಂಜಿನ್ನಿನ ವಾಲ್ವ್ ಮಾಡುವ ಕಾರ್ಖಾನೆಯವರದು. ಅಲ್ಲಿ ಕೆಂಪಗೆ ಕಾದ ವಾಲ್ವುಗಳನ್ನು ಆಳುಗಳು ಇಕ್ಕಳದಲ್ಲಿ ಹಿಡಿದು ಎಣ್ಣೆಯ ತೊಟ್ಟಿಗೆ ಅದ್ದಿ ತೆಗೆಯುತ್ತಿದ್ದರು. ಎಣ್ಣೆ ಸಿಡಿದು ಎಲ್ಲರ ತೋಳಿನ ಮೇಲೂ ಸುಟ್ಟ ಕಲೆ. ಆ ಕೆಲಸವನ್ನು ತಾನೇ ಮಾಡುವ ಯಂತ್ರ ಬೇಕಾಗಿತ್ತು. ಉದ್ದಕ್ಕೆ ಓಡುವುದೊಂದು, ಅದರ ಮೇಲೆ ಅಡ್ಡಕ್ಕೆ ಓಡುವುದೊಂದು, ಅದಕ್ಕೆ ಕಟ್ಟಿದಂತೆ ಮೇಲೆ ಕೆಳಗೆ ಹೋಗುವುದೊಂದು: ಹೀಗೆ ಮೂರು ಅಕ್ಷ. ಮೂರನೆಯದರ ತುದಿಗೆ ವಾಲ್ವುಗಳನ್ನು ಹಿಡಿಯುವ ತಲೆ.

ಅಣ್ಣ ಆ ಕಾರ್ಖಾನೆಯ ಮ್ಯಾನೇಜರನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳನ್ನು ಹೆಣ್ಣು ನೋಡಲು ಬಂದವರೂ ಕೇಳುವುದಿಲ್ಲ. ಎಷ್ಟು ತೂಕ ಹೊರಬೇಕು? ಎಷ್ಟು ದೂರ ಹೋಗಬೇಕು, ಎಷ್ಟು ಬೇಗ? ನಿಲ್ಲುವ ಜಾಗ ಕೂದಲೆಳೆ ಆಚೀಚೆ ಆದರೆ ನಡೆಯುತ್ತದೆಯೇ? ಪಾಳಿಗೆ ಎಷ್ಟು ಸಲ? ಅಲ್ಲಿ ಧೂಳೇ, ಎಣ್ಣೆಯೇ, ಶಾಖವೇ? ಮ್ಯಾನೇಜರು ಬೆವರು ಒರೆಸಿಕೊಂಡು, “ಸಾರ್, ನಮ್ಗೆ ವಾಲ್ವ್ ಎತ್ತಿ ಇಟ್ರೆ ಸಾಕು” ಎಂದರು. “ಎತ್ತಿ ಇಡೋದು ಅಂದ್ರೆ ಏನು ಅಂತ ನಿಮ್ಗೆ ಗೊತ್ತಿಲ್ಲ, ಅದಕ್ಕೇ ಕೇಳ್ತಿದೀನಿ” ಎಂದ ಅಣ್ಣ. ಅವರು ಹೋದ ಮೇಲೆ ನನಗೆ ಹೇಳಿದ: “ನೋಡು ಕಾತಿ, ಮೋಟಾರು ಆರಿಸೋದು ಆಮೇಲಿನ ಮಾತು. ಪ್ರಶ್ನೆ ಸರಿಯಾಗಿ ಕೇಳಿದ್ರೆ ಅರ್ಧ ಯಂತ್ರ ಆದ ಹಾಗೆ.”

ಎಲ್ಲಾ ಪ್ರಶ್ನೆ ಕೇಳಿದ. ಒಂದನ್ನು ಬಿಟ್ಟ.

ಅದು ಅವನೊಬ್ಬನ ತಪ್ಪೆಂದು ನಾನು ಸತ್ತರೂ ಒಪ್ಪುವುದಿಲ್ಲ. ನಮ್ಮವರೆಲ್ಲ ಬೆಳೆದದ್ದು ಹಳೆಯ ಲೇತಿನ ಸ್ಕ್ರೂ ನೋಡಿಕೊಂಡು. ಅದರ ಹಿಡಿಕೆಯನ್ನು ತಿರುಗಿಸಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಎಷ್ಟು ಭಾರ ಹೇರಿದರೂ ತಾನಾಗಿ ತಿರುಗುವುದಿಲ್ಲ. ಈ ಯಂತ್ರಕ್ಕೆ ಅಣ್ಣ ಹಾಕಿದ್ದು ಬಾಲ್ ಸ್ಕ್ರೂ. ಅದರ ನಟ್ಟಿನೊಳಗೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳು ಉರುಳುತ್ತವೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಬೈರಣ್ಣ ಮೊದಲ ಸಲ ಅದನ್ನು ಕೈಯಲ್ಲಿ ತಿರುಗಿಸಿ, “ಏನ್ ಸಾಮಿ ಇದು, ಹೆಂಗ್ ಓಡ್ತದೆ!” ಎಂದು ಬಾಯಿ ಬಿಟ್ಟ. ಅಣ್ಣನಿಗೆ ಎಷ್ಟು ಹೆಮ್ಮೆ! ಆದರೆ ಅಷ್ಟು ಸಲೀಸಾಗಿ ತಿರುಗುವ ಸ್ಕ್ರೂ ಭಾರ ಬಿದ್ದರೆ ತಾನಾಗಿಯೂ ತಿರುಗುತ್ತದೆ. ಅದನ್ನು ಮೇಲೆ ನಿಲ್ಲಿಸಿ ಹಿಡಿದಿರುವುದು ಮೋಟಾರಿಗೆ ಹರಿಯುವ ಕರೆಂಟು ಮಾತ್ರ.

ಮೊದಲು ಎರಡು ವಾಲ್ವ್ ಎತ್ತಿದರೆ ಸಾಕೆಂದಿದ್ದರು. ಆಗ ತಲೆ ಹಗುರವಾಗಿತ್ತು. ಕರೆಂಟು ತೆಗೆದರೂ ಬಿಗಿಗೆ ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಮ್ಯಾನೇಜರು ಬಂದು, ಒಂದು ಟ್ರೇ ಪೂರ್ತಿ ಒಟ್ಟಿಗೆ ಎತ್ತಬೇಕು ಎಂದರು. ಅಣ್ಣ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿದ. ಅಡ್ಡ ಅಕ್ಷ ಬಾಗುತ್ತದೆಂದು ಅದನ್ನು ದಪ್ಪ ಮಾಡಿದ, ಮೋಟಾರು ದೊಡ್ಡದು ಹಾಕಿದ. ಎತ್ತರ ಸಾಲದೆ ಮೋಟಾರನ್ನು ಸ್ಕ್ರೂನ ಪಕ್ಕಕ್ಕೆ ಸರಿಸಿ ಹಲ್ಲಿನ ಬೆಲ್ಟಿನಿಂದ ಎರಡನ್ನೂ ಜೋಡಿಸಿದ. ಓಡುವಾಗ ಏನಾಗುತ್ತದೆ ಎಂಬುದಕ್ಕೆಲ್ಲ ಅವನಲ್ಲಿ ಉತ್ತರವಿತ್ತು. ಕರೆಂಟು ಹೋದಾಗ ಏನಾಗುತ್ತದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಭಾರದ ಹೊಸ ತಲೆಯನ್ನು ಕೂರಿಸಿದ್ದು ಆಯುಧಪೂಜೆಯ ಹಿಂದಿನ ದಿನ. ಒಂದೆರಡು ಸಲ ಓಡಿಸಿ, ತಲೆಯನ್ನು ಕೆಳಕ್ಕಿಳಿಸಿಟ್ಟು ಮನೆಗೆ ಬಂದೆವು. ಮಾರನೆಯ ದಿನ ಬೆಳಿಗ್ಗೆ ಬಾಳೆಕಂಬ, ಚೆಂಡುಹೂವು, ಬೂದುಗುಂಬಳಕಾಯಿ ಎಲ್ಲಾ ಹೊತ್ತುಕೊಂಡು ಹೋದೆವು. ಅತ್ತಿಗೆ ಅಲಮೇಲು ಎಲ್ಲರಿಗೂ ಹಂಚಲು ಚರುಪಿನ ಡಬ್ಬಿ ತಂದಿದ್ದರು. ಹೊಸ ಯಂತ್ರ, ಹೊಸ ಹಾರ. “ತಲೆ ಮೇಲಿದ್ರೆ ಹಾರ ಲಕ್ಷಣವಾಗಿ ಕಾಣತ್ತೆ” ಎಂದು ಅಣ್ಣನೇ ಬಟನ್ ಒತ್ತಿ ಮೂರನೇ ಅಕ್ಷವನ್ನು ಪೂರ್ತಿ ಮೇಲಕ್ಕೆತ್ತಿದ. ಬೈರಣ್ಣ ಹಾರ ಹಾಕಿದ.

ಪೂಜೆಯ ಹೊತ್ತಿನಲ್ಲಿ ಯಂತ್ರಕ್ಕೆ ಕರೆಂಟು ಇರಬಾರದು. ಅವತ್ತು ಅವುಗಳಿಗೆ ವಿಶ್ರಾಂತಿ, ಮೇನ್ ಸ್ವಿಚ್ ತೆಗೆದೇ ಕುಂಕುಮ ಇಡಬೇಕು. ಇದು ನಮ್ಮ ಶೆಡ್ಡಿನ ಶಾಸ್ತ್ರ ಮಾತ್ರವಲ್ಲ, ಯಾವ ಶೆಡ್ಡಿಗೆ ಹೋದರೂ ಅದೇ. ಶಾಕ್ ಹೊಡೆಯಬಾರದು ಎಂಬ ಬುದ್ಧಿಯೂ ಅದರಲ್ಲಿ ಇದೆ. “ಕಾತಿ, ಮೇಜಿನ ಮೇಲೆ ಅರಿಶಿನ ಕುಂಕುಮ ಇಡು” ಎಂದ ಅಣ್ಣ. ನಾನು ತಲೆಯ ಕೆಳಗಿನ ಉಕ್ಕಿನ ಮೇಜಿಗೆ ಬಗ್ಗಿದೆ. ಆ ಕಡೆಯಿಂದ ಬೈರಣ್ಣ, “ಮೇನ್ ತೆಗೀಲಾ ಸಾಮಿ?” ಎಂದ. “ತೆಗೀರಿ” ಎಂದ ಅಣ್ಣ.

ಅದು ಸದ್ದೇ ಮಾಡಲಿಲ್ಲ. ಅಷ್ಟು ನಯವಾಗಿ, ಹಾರದ ಸಮೇತ ಇಳಿಯಿತು.

ಆಸ್ಪತ್ರೆಯ ವಿಷಯ ಬಿಡಿ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಮನೆಗೆ ಬಂದ ಮೇಲಿನದನ್ನು ಹೇಳುತ್ತೇನೆ. ಮೊದಲ ದಿನವೇ ಅಣ್ಣ ತಟ್ಟೆ ತಂದು ನನ್ನ ಮುಂದೆ ಕೂತು ಸಾರನ್ನ ಕಲಸಿದ. ಕರಿಬೇವು ಆರಿಸಿ ಪಕ್ಕಕ್ಕಿಟ್ಟ. “ನೋವಿದ್ಯಾ ಪುಟ್ಟಿ? ಇನ್ನೊಂದು ತುತ್ತು ತಿನ್ನಮ್ಮ” ಎಂದ. ಪುಟ್ಟಿ! ಅಮ್ಮ! ಹುಟ್ಟಿದಾಗಿನಿಂದ ಕತ್ತೆ, ಕೋತಿ, ಮಂಗಮುಂಡೇದೇ ಎಂದು ಕರೆಸಿಕೊಂಡವಳು ನಾನು. ಬಾಣಂತನದ ಹಾಗೆ ಒಂದು ವಾರ ಇರಬಹುದು ಎಂದುಕೊಂಡು ಸುಮ್ಮನಾದೆ. ಎರಡು ವಾರವಾಯಿತು. ದೀಪಾವಳಿ ಬಂತು, ಹೋಯಿತು. ನಾನು ಬೇಕೆಂತಲೇ ಅವನ ಕಾಫಿ ಲೋಟ ಕೆಡವಿದೆ. “ಪರವಾಗಿಲ್ಲ, ಪರವಾಗಿಲ್ಲ” ಎಂದು ತಾನೇ ಒರೆಸಿದ. ‘ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಸುಮ್ನೆ ಹೇಳಿಲ್ಲ’ ಎಂದು ರೇಗಿಸಿದೆ. ನಕ್ಕ ಹಾಗೆ ಮಾಡಿ ಎದ್ದು ಹೋದ. ನನ್ನ ಕೈ ಕಡೆ ನೋಡುತ್ತಿದ್ದ, ಮುಖದ ಕಡೆ ನೋಡುತ್ತಿರಲಿಲ್ಲ.

ಶೆಡ್ಡಿಗೆ ಅವನು ಮತ್ತೆ ಕಾಲಿಡಲೇ ಇಲ್ಲ. ಪೆನ್ಸಿಲು ಮುಟ್ಟಲಿಲ್ಲ. ಪದ್ಮನಾಭನಗರದ ಟ್ಯುಟೋರಿಯಲ್ ಒಂದರಲ್ಲಿ ಹೈಸ್ಕೂಲು ಹುಡುಗರಿಗೆ ಲೆಕ್ಕ ಹೇಳಿಕೊಡಲು ಸೇರಿದ. ವಾಲ್ವ್ ಕಾರ್ಖಾನೆಯ ಮ್ಯಾನೇಜರು ಒಳ್ಳೆಯ ಮನುಷ್ಯ. ಮನೆಗೇ ಬಂದು, “ಸಾರ್, ಯುಗಾದಿವರೆಗೂ ಕಾಯ್ತೀವಿ, ನಿಧಾನಕ್ಕೆ ಸರಿ ಮಾಡ್ಕೊಡಿ” ಎಂದರು. “ಗುಜರಿಗೆ ಹಾಕ್ಬಿಡಿ ಅದನ್ನ” ಎಂದ ಅಣ್ಣ. ಒಳಗೆ ಕೂತಿದ್ದ ನನಗೆ ಅದು ಕೇಳಿಸಿತು. ನನ್ನ ಬೆರಳು ತಿಂದ ಯಂತ್ರ ಗುಜರಿಗೆ ಹೋಗಬೇಕೇ? ಹಾಗಾದರೆ ನಾನು ಕಳೆದುಕೊಂಡದ್ದು ಯಾತಕ್ಕೆ?

“ಅವರಿಗೆ ಯಾಕೆ ಹೀಗಾಗಿದೆ ಗೊತ್ತಾ ನಿಂಗೆ?” ಎಂದು ಒಂದು ಮಧ್ಯಾಹ್ನ ಅತ್ತಿಗೆ ಕೇಳಿದರು. ಅವರು ಅಕ್ಕಿ ಆರಿಸುತ್ತಿದ್ದರು. “ಆ ಯಂತ್ರಕ್ಕೆ ಬ್ರೇಕ್ ಹಾಕೋದು ಮರೆತದ್ದೊಂದೇ ಅಲ್ಲ. ದಿನಾ ನಿಂಗೆ ಕೈ ಮುರಿದುಹಾಕ್ತೀನಿ, ಕೈ ಮುರಿದುಹಾಕ್ತೀನಿ ಅಂತಿದ್ರಲ್ಲ. ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಹಾಗೆಲ್ಲ ಅನ್ಬೇಡಿ ಅಂತ ನಾನೂ ಎಷ್ಟೋ ಸಲ ಹೇಳಿದ್ದೆ. ಈಗ ಅದನ್ನೇ ಹಿಡಕೊಂಡಿದಾರೆ. ನನ್ನ ಬಾಯೇ ಅವಳ ಕೈ ತಿಂತು ಅಂತಾರೆ ಕಣೆ.”

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ, ಉರಿದುಹೋಯಿತು. ಅಸ್ತು ದೇವತೆಗಳಂತೆ! ಹಾಗಿದ್ದರೆ ಅವನು ಕತ್ತೆ ಎಂದ ಸಲಕ್ಕೆಲ್ಲ ನನಗೆ ಬಾಲ ಬರಬೇಕಾಗಿತ್ತು. ಮೂರು ಅಕ್ಷದ ಭಾರವನ್ನು ಬಾಯಲ್ಲೇ ಲೆಕ್ಕ ಹಾಕುವ ಮನುಷ್ಯ ಇಂಥದನ್ನು ನಂಬಿ ಕೂತನಲ್ಲ! ಮನಸ್ಸಿನಲ್ಲಿ ಅವತ್ತೇ ನಿಶ್ಚಯ ಮಾಡಿದೆ. ಇವನ ಬಾಯಿಂದ ಒಂದು ಬೈಗುಳ ಹೊರಡಿಸಬೇಕು. ಒಂದೇ ಒಂದು ಹೊರಟರೆ ಸಾಕು, ಏನೂ ಆಗಲಿಲ್ಲ ಎಂದು ಅವನ ಕಣ್ಣಿಗೇ ಕಾಣುತ್ತದೆ, ಪೆನ್ಸಿಲು ತಾನಾಗಿ ಕೈಗೆ ಬರುತ್ತದೆ. ಬೈಗುಳ ಹೊರಡಿಸುವುದಕ್ಕೆ ಕಾಫಿ ಲೋಟ ಸಾಲದು, ಡ್ರಾಯಿಂಗೇ ಆಗಬೇಕು.

ಮಾರನೆಯ ದಿನ ಬಸ್ಸು ಹತ್ತಿ ಶೆಡ್ಡಿಗೆ ಹೋದೆ. ಬೈರಣ್ಣ ಬಾಗಿಲಲ್ಲಿ ಬೀಡಿ ಸೇದುತ್ತಾ ಕೂತಿದ್ದ, ನನ್ನನ್ನು ನೋಡಿ ಎದ್ದು ನಿಂತ. ಯಂತ್ರದ ಮೇಲೆ ಟಾರ್ಪಾಲು ಹೊದಿಸಿತ್ತು. ಸಣ್ಣಪುಟ್ಟ ಲೇತಿನ ಕೆಲಸ ಮಾಡಿಕೊಂಡು ಅವನು ಶೆಡ್ಡನ್ನು ಉಸಿರಾಡಿಸುತ್ತಿದ್ದ.

“ನನ್ ಕೈಲೇ ಆಗೋಯ್ತು ಕಣವ್ವಾ” ಎಂದ. “ಮೇನ್ ಎಳ್ದೋನು ನಾನು. ಸಾಮಿಯೋರು ಬಂದು ಕಪಾಳಕ್ಕೆ ನಾಕು ಬಿಟ್ಟಿದ್ರೆ ಎದೆ ಹಗುರಾಗೋದು. ಒಂದ್ ಮಾತೂ ಅನ್ಲಿಲ್ಲವಲ್ಲ.”

“ಅವನು ನನಗೇ ಏನೂ ಅಂತಿಲ್ಲ, ನಿಮ್ಗೆಲ್ಲಿ ಅಂತಾನೆ. ಮೊದ್ಲು ಟಾರ್ಪಾಲು ತೆಗೀರಿ” ಎಂದೆ.

ತಲೆಯ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು ಅಕ್ಷವನ್ನು ನಿಲ್ಲಿಸಿದೆವು. ಅಣ್ಣ ಕೇಳುತ್ತಿದ್ದ ಪ್ರಶ್ನೆಗಳನ್ನು ನಾನೇ ನನಗೆ ಕೇಳಿಕೊಂಡೆ. ಎಷ್ಟು ಭಾರ ತಡೆಯಬೇಕು, ಬ್ರೇಕು ಎಷ್ಟು ಬೇಗ ಹಿಡಿಯಬೇಕು, ಎಣ್ಣೆಯ ಹಬೆ ತಾಗಿದರೆ ಜಾರುತ್ತದೆಯೇ. ಬೇಕಾಗಿದ್ದದ್ದು ಕರೆಂಟು ಇರುವಾಗ ಬಿಟ್ಟು, ಕರೆಂಟು ಹೋದ ಕೂಡಲೇ ಸ್ಪ್ರಿಂಗಿನಿಂದ ಕಚ್ಚಿ ಹಿಡಿಯುವ ಬ್ರೇಕು. ಅದನ್ನು ಎಲ್ಲಿ ಕೂರಿಸಬೇಕು ಎಂಬುದೂ ನನಗೆ ಗೊತ್ತಿತ್ತು. ಮೋಟಾರಿನ ಮೇಲೆ ಕೂರಿಸಿದರೆ ಸುಲಭ, ಆದರೆ ಮೋಟಾರಿಗೂ ಸ್ಕ್ರೂಗೂ ನಡುವೆ ಬೆಲ್ಟಿದೆ. ಬೆಲ್ಟು ಹರಿದರೆ ಬ್ರೇಕು ಮೋಟಾರನ್ನು ಹಿಡಿದುಕೊಂಡು ಕೂತಿರುತ್ತದೆ, ಭಾರ ಮಾತ್ರ ಮತ್ತೆ ಕೆಳಗೆ ಬರುತ್ತದೆ. ಆದ್ದರಿಂದ ಅದು ಸ್ಕ್ರೂನ ತುದಿಗೇ ಇರಬೇಕು.

ಎಡಗೈಯಲ್ಲಿ ಬರೆಯುವುದನ್ನು ಕಲಿತದ್ದು ಅಣ್ಣ ಟ್ಯುಟೋರಿಯಲ್ಲಿಗೆ ಹೋದ ಹೊತ್ತಿನಲ್ಲಿ. ಅಕ್ಷರವೇನೋ ಬಂತು, ಗೆರೆ ಬರಬೇಕಲ್ಲ! ಶಾಯಿ ಪೆನ್ನನ್ನು ಎಳೆಯುವ ಬದಲು ತಳ್ಳಿಬಿಡುತ್ತಿದ್ದೆ, ಶಾಯಿ ಚೆಲ್ಲುತ್ತಿತ್ತು. ಬಲಗೈಯ ಉಳಿದೆರಡು ಬೆರಳಿನಲ್ಲಿ ಸ್ಕೇಲು ನಿಲ್ಲುತ್ತಿರಲಿಲ್ಲ. ಅತ್ತಿಗೆ ಒಗ್ಗರಣೆ ಬಿಟ್ಟು ಬಂದು ಒತ್ತಿ ಹಿಡಿಯುತ್ತಿದ್ದರು. “ಅಲ್ಲಾಡಿಸ್ಬೇಡಿ ಅತ್ತಿಗೆ!” ಎಂದರೆ, “ನಿಮ್ಮಣ್ಣನ ಬಾಯಿ ನಿಂಗೇ ಬಂದಿದೆ” ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದೆವು. ಆಮೇಲೆ ಯಾಕೆ ನಕ್ಕೆವು ಎಂದು ಇಬ್ಬರಿಗೂ ಅಳು ಬರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಡ್ರಾಯಿಂಗು ಮುಗಿಯಿತು. ಗೆರೆಗಳು ಸೊಟ್ಟ ಪಟ್ಟ, ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿದ್ದವು. ಅದು ಕೈಯ ತಪ್ಪು, ಅದಕ್ಕೆ ಅವನು ಮರುಗುತ್ತಾನೆ ಹೊರತು ಬೈಯುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಬುದ್ಧಿಯ ತಪ್ಪೊಂದನ್ನು ಬೇಕೆಂತಲೇ ಇಟ್ಟೆ. ಬ್ರೇಕನ್ನು ಸ್ಕ್ರೂನ ತುದಿಗೆ ಹಾಕದೆ ಮೋಟಾರಿನ ಬೆನ್ನಿಗೆ ಹಾಕಿದೆ. ಅಣ್ಣನಂಥವನ ಕಣ್ಣಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕಿದಂತೆ. ಹಲ್ಲು ಕಡಿಯದೆ ಇರುವ ಮಾತೇ ಇಲ್ಲ. ‘ಬೆಲ್ಟ್ ಹರಿದ್ರೆ ನಿಮ್ಮಪ್ಪ ಬಂದು ಹಿಡಕೋತಾನೇನೇ ಕತ್ತೆ!’ ಎಂದು ಕಿರುಚುತ್ತಾನೆ, ಆಮೇಲೆ ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಇದನ್ನು ನೂರು ಸಲ ಮನಸ್ಸಿನಲ್ಲೇ ಕೇಳಿಸಿಕೊಂಡು ಸಂತೋಷಪಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಅವನು ತಿಂಡಿ ತಿಂದು ಹಜಾರದಲ್ಲಿ ಪೇಪರು ಓದುತ್ತಿದ್ದಾಗ ಡ್ರಾಯಿಂಗನ್ನು ಅವನ ಮುಂದೆ ಹಾಸಿದೆ. ನಾಲ್ಕು ಮೂಲೆಗೂ ಅತ್ತಿಗೆಯ ಅಡುಗೆಮನೆಯ ಲೋಟಗಳನ್ನಿಟ್ಟೆ.

“ಇದೇನು?” ಎಂದ.

“ಮೂರನೇ ಅಕ್ಷಕ್ಕೆ ಬ್ರೇಕು. ನಾನೇ ಡಿಸೈನ್ ಮಾಡಿದೀನಿ. ಪರೀಕ್ಷೆ ಮಾಡಿ ಸಹಿ ಹಾಕು. ಬೈರಣ್ಣ ಕಾಯ್ತಿದಾರೆ.”

ಅವನು ಬಗ್ಗಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೌಟು ಹಿಡಿದು ನಿಂತಿದ್ದರು. ಅಣ್ಣನ ಬೆರಳು ಗೆರೆಯ ಮೇಲೆ ಹೋಯಿತು. ನಡುಗಿದ ಒಂದು ಗೆರೆಯನ್ನು ತುದಿಯಿಂದ ತುದಿಯವರೆಗೆ ಮೆಲ್ಲಗೆ ಸವರಿದ. ಇನ್ನೊಂದನ್ನು ಸವರಿದ. ಬ್ರೇಕಿನ ಹತ್ತಿರ ಬೆರಳು ಬಂತು, ನಿಲ್ಲಲಿಲ್ಲ, ದಾಟಿ ಹೋಯಿತು.

“ಎಲ್ಲಾ ಎಡಗೈಯಲ್ಲೇ ಬರೆದ್ಯಾ?”

“ಹೂಂ.”

“ತುಂಬಾ ಚೆನ್ನಾಗಿದೆ ಪುಟ್ಟಿ.”

ಚೆನ್ನಾಗಿದೆ! ಅದೊಂದು ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಎಷ್ಟು ವರ್ಷ ಸಾಯುತ್ತಿದ್ದೆ. ಈಗ ಅದು ಬಂತು, ಬಂದು ನನ್ನನ್ನು ಕೊಂದುಹಾಕಿತು.

“ಸರಿಯಾಗಿ ನೋಡೋ ಅಣ್ಣ” ಎಂದೆ. “ಬ್ರೇಕು ಎಲ್ಲಿ ಹಾಕಿದೀನಿ ನೋಡು.”

“ನೋಡ್ದೆ.”

“ಬೆಲ್ಟ್ ಹರಿದ್ರೆ?”

ಅವನು ತಲೆಯೆತ್ತಿ ನನ್ನ ಕೈ ನೋಡಿದ. “ಹರಿಯಲ್ಲ ಬಿಡಮ್ಮ” ಎಂದ.

ಹರಿಯಲ್ಲ ಬಿಡಮ್ಮ. ಒಂದು ಬೋಲ್ಟಿಗೆ ಎರಡು ದಿನ ಲೆಕ್ಕ ಹಾಕುತ್ತಿದ್ದವನು, ‘ಹರಿದ್ರೆ ಏನು, ಮುರಿದ್ರೆ ಏನು, ಅದನ್ನ ಹೇಳು ಮೊದ್ಲು’ ಎಂದು ನನ್ನ ಪ್ರಾಣ ಹಿಂಡುತ್ತಿದ್ದವನು ಹಾಗೆಂದ. “ಬೈಯೋ!” ಎಂದು ಕಿರುಚಿದೆ. “ಬೈಯೋ ನನ್ನ, ನಿಂಗೆ ಕೈ ಮುಗೀತೀನಿ! ತಪ್ಪು ಬರೆದಿದೀನಿ ಕಣೋ, ಬೇಕೂಂತ್ಲೇ ಬರೆದಿದೀನಿ. ಕತ್ತೆ ಅನ್ನು, ಏನಾದ್ರೂ ಅನ್ನು!” ಅಣ್ಣನ ಬಾಯಿ ತೆರೆಯಿತು. ಈಗ ಬರುತ್ತದೆ, ಈಗ ಬಂತು ಎಂದುಕೊಂಡೆ. ಅವನು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡ. ಕಣ್ಣು ತುಂಬಿ ಬಂತು. ಜೇಬಿನಿಂದ ಪೆನ್ನು ತೆಗೆದು, ಎಲ್ಲಿ ಹಾಕಬೇಕೆಂದು ನೋಡಿಕೊಂಡು, ಮೂಲೆಯಲ್ಲಿ ಸಹಿ ಹಾಕಿದ. ನನಗೆ ಸಂತೋಷವಾಗಲಿ ಎಂದು ಹಾಕಿದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ನಾನು ಅಲ್ಲೇ ಡ್ರಾಯಿಂಗಿನ ಪಕ್ಕ ಮುದುರಿಕೊಂಡು ಅತ್ತೆ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಅತ್ತಿಗೆ ಬಂದು ಬೆನ್ನು ಸವರುತ್ತಾ ಕೂತರು. ಅಣ್ಣ ಬದುಕಿದ್ದಾನೆ, ಇದೇ ಮನೆಯಲ್ಲಿ ಇದ್ದಾನೆ, ನನಗೆ ತುತ್ತು ಕಲಸಿ ಇಡುತ್ತಾನೆ. ಆದರೆ ನನ್ನ ಅಣ್ಣ ಹೋಗಿಬಿಟ್ಟಿದ್ದ. ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅಯ್ಯೋ ಪಾಪ ಅನ್ನುವವರು ಇದಕ್ಕೆ ಅನ್ನುತ್ತಾರೆಯೇ?

ಮಧ್ಯಾಹ್ನ ಎದ್ದು ಮುಖ ತೊಳೆದೆ. ಬ್ಲೇಡು ತೆಗೆದುಕೊಂಡು ಟ್ರೇಸಿಂಗ್ ಪೇಪರಿನ ಮೇಲಿನ ಶಾಯಿ ಕೆರೆದೆ. ತಪ್ಪಾದ ಗೆರೆಗಳನ್ನು ಹಾಗೆ ಕೆರೆದೇ ತೆಗೆಯುವುದು. ಮೋಟಾರಿನ ಬೆನ್ನಿನ ಬ್ರೇಕನ್ನು ಪೂರ್ತಿ ಅಳಿಸಿ ಸ್ಕ್ರೂನ ತುದಿಗೆ ಹೊಸದಾಗಿ ಬರೆದೆ. ಅತ್ತಿಗೆ ಸ್ಕೇಲು ಒತ್ತಿ ಹಿಡಿದರು, ಅವತ್ತು ಅವರ ಕೈ ಅಲ್ಲಾಡಲಿಲ್ಲ. ಬರೆದದ್ದನ್ನು ಹರಿದರೆ ಏನು, ಮುರಿದರೆ ಏನು ಎಂದು ಒಂದೊಂದಾಗಿ ನಾನೇ ಪರೀಕ್ಷಿಸಿದೆ. ಬೇರೆ ಯಾರೂ ಉಳಿದಿರಲಿಲ್ಲ.

ಸೋಮವಾರ ಶೆಡ್ಡಿಗೆ ಹೋಗಿ ಬೈರಣ್ಣನ ಕೈಗೆ ಕೊಟ್ಟೆ. ಅವನು ಕನ್ನಡಕ ಏರಿಸಿ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮೂಲೆಯ ಸಹಿ ಕಂಡಿತು. ಅವನ ಮುಖವೆಲ್ಲ ಅರಳಿಹೋಯಿತು.

“ಸಾಮಿಯೋರು ನೋಡಿದ್ರಾ?” ಎಂದ.

“ನೋಡಿದ್ರು.”

“ನೋಡಿ… ಬೈದ್ರಾ?”

ಆ ಮುದುಕನ ಕಣ್ಣು ನೋಡಿ ನಾನು ಬೇರೆ ಏನು ಹೇಳಲಿ?

“ಬೈದ್ರು ಬೈರಣ್ಣ” ಎಂದೆ. “ಹೊಟ್ಟೆ ತುಂಬಾ ಬೈದ್ರು. ನಿಮ್ಮನ್ನೂ ಸೇರಿಸಿ ಬೈದ್ರು.”

“ಹಂಗಾದ್ರೆ ಸರಿಹೋದ್ರು ಬುಡವ್ವಾ” ಎಂದು ಅವನು ಎರಡೂ ಕೈಯಲ್ಲಿ ಕಣ್ಣೊರೆಸಿಕೊಂಡ. ಡ್ರಾಯಿಂಗನ್ನು ಲೇತಿನ ಮೇಲಿನ ಗೋಡೆಗೆ ಅಂಟಿಸಿ, ಕಬ್ಬಿಣ ಆರಿಸಲು ಒಳಗೆ ಹೋದ.